ಇನ್ನೊಂದೂವರೆ ಇಳಿಸು

ತೂಕದ ಯಂತ್ರದ ಮುಳ್ಳು ತೊಂಬತ್ತೆಂಟರ ಮೇಲೆ ನಿಂತಿತು. ಡಾಕ್ಟರಮ್ಮ ಅದನ್ನೊಮ್ಮೆ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬೇರೆಯೇ ಪ್ರಶ್ನೆ ಕೇಳಿದರು.

"ಏಣಿ ಹತ್ತುವಾಗ ಹಾಕ್ಕೊಳ್ಳೋ ಸೇಫ್ಟಿ ಬೆಲ್ಟು ಎಷ್ಟು ಭಾರ ತಡೆಯುತ್ತೆ, ಗೊತ್ತಾ ನಿಮಗೆ?"

"ನೂರು ಕೆಜಿ, ಮೇಡಂ. ಅದರ ಮೇಲೇ ಬರೆದಿದೆ."

"ನಿಮ್ಮದು ತೊಂಬತ್ತೆಂಟು. ಬೂಟು ಎಷ್ಟು? ಹೆಲ್ಮೆಟ್ಟು? ನೀರಿನ ಬಾಟ್ಲಿ? ಬುತ್ತಿ?"

ಅವನು ಮನಸ್ಸಿನಲ್ಲೇ ಕೂಡಿಸುತ್ತಾ ಹೋದ. ಬುತ್ತಿ ಡಬ್ಬಿಗೆ ಬರುವಷ್ಟರಲ್ಲಿ ನೂರಾ ಎರಡು ದಾಟಿತ್ತು. "ಹಾಗಾದ್ರೆ ಬುತ್ತಿ ಬಿಟ್ಟು ಹತ್ತಲಾ ಮೇಡಂ?" ಎಂದು ನಗಿಸಲು ನೋಡಿದ. ಡಾಕ್ಟರಮ್ಮ ನಗುವ ಜಾತಿಯವರಲ್ಲ.

"ಬಿಪಿನೂ ಜಾಸ್ತಿ ಇದೆ. ಮೂರು ತಿಂಗಳು ಕೊಡ್ತೀನಿ, ತೊಂಬತ್ತಕ್ಕೆ ಇಳಿಸಿ. ಇಲ್ಲಾಂದ್ರೆ ನಿಮ್ಮ ಫಿಟ್‌ನೆಸ್ ಕಾಗದಕ್ಕೆ ನಾನು ಸಹಿ ಹಾಕಲ್ಲ. ದಿನಾ ನಲವತ್ತು ನಿಮಿಷ ನಡೀರಿ. ಮಧ್ಯಾಹ್ನ ಕೆಳಗಿಳಿದು ಊಟ ಮಾಡಿ, ಮತ್ತೆ ಹತ್ತಿ. ಆದರೆ ಊಟ ಮಾತ್ರ ಬಿಡಬೇಡಿ. ಹೊಟ್ಟೆ ಖಾಲಿ ಇಟ್ಕೊಂಡು ಆ ಯಂತ್ರ ಮುಟ್ಟಲೇಬೇಡಿ."

ಅವನು ಎಲ್ಲದಕ್ಕೂ ತಲೆಯಾಡಿಸಿದ. ಡಾಕ್ಟರಮ್ಮ ಹೇಳಿದ್ದು ಐದಾರು ಮಾತು. ಅವನ ಕಿವಿಯೊಳಗೆ ಹೋಗಿ ಕೂತದ್ದು ಒಂದೇ. ಇಳಿಸಿ.

ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ಸೈಟಿನಲ್ಲಿ ಎಲ್ಲರಿಗೂ ಅವನು ಮೇಲಣ್ಣ. ಹದಿನೇಳು ವರ್ಷದಿಂದ ಟವರ್ ಕ್ರೇನ್ ನಡೆಸುತ್ತಿದ್ದ; ಬೆಳಿಗ್ಗೆ ಏಳೂವರೆಗೆ ಇನ್ನೂರ ಹತ್ತು ಮೆಟ್ಟಿಲ ಏಣಿ ಹತ್ತಿ ಗಾಜಿನ ಕ್ಯಾಬಿನ್ನಿನಲ್ಲಿ ಕೂತನೆಂದರೆ, ಸಂಜೆ ಐದೂವರೆಗೇ ಇಳಿಯುವುದು. ಕೆಳಗೆ ಯಾವುದಾದರೂ ಕೆಲಸ ಕೆಟ್ಟರೆ ಗಾರೆಯವರು, "ಮೇಲಿನವನು ನೋಡ್ಕೋತಾನೆ ಬಿಡು" ಎಂದು ಆಕಾಶ ತೋರಿಸುತ್ತಿದ್ದರು. ದೇವರನ್ನು ತೋರಿಸುತ್ತಿದ್ದರೋ ಕ್ರೇನನ್ನೋ, ಅವರಿಗೇ ಖಾತ್ರಿಯಿರಲಿಲ್ಲ.

ದಿನಾ ಇನ್ನೂರ ಹತ್ತು ಮೆಟ್ಟಿಲು ಹತ್ತುವವನಿಗೆ ಬೊಜ್ಜು ಬರುವುದು ಹೇಗೆ ಎಂದು ನೀವು ಕೇಳಬಹುದು. ಅವನ ಹೆಂಡತಿಯೂ ಕೇಳಿದ್ದಳು. ಹತ್ತುವುದು ಹನ್ನೆರಡು ನಿಮಿಷ, ಕೂರುವುದು ಹತ್ತು ಗಂಟೆ! ಒಂದು ಲೋಡಿಗೂ ಇನ್ನೊಂದಕ್ಕೂ ನಡುವೆ ಕಾಯುವುದೇ ಕೆಲಸ, ಕಾಯುವಾಗ ಬಾಯಿ ಸುಮ್ಮನಿರುವುದಿಲ್ಲ. ಬಿಸ್ಕತ್ತು, ಹುರಿದ ಕಡಲೆಕಾಯಿ, ಫ್ಲಾಸ್ಕಿನ ತುಂಬ ಸಕ್ಕರೆ ಚಹಾ. ಮೂವತ್ತು ದಾಟಿದಾಗ ಇದೆಲ್ಲ ಎಲ್ಲಿ ಹೋಗುತ್ತಿತ್ತೋ ಯಾರಿಗೂ ಗೊತ್ತಿಲ್ಲ. ನಲವತ್ತೇಳಕ್ಕೆ ಎಲ್ಲಿಗೆ ಹೋಗುತ್ತದೆಂಬುದು ಅಂಗಿಯ ಗುಂಡಿಗಳಿಗೆ ಗೊತ್ತಾಗಿತ್ತು.

ಕ್ಯಾಬಿನ್ನಿನ ಬಾಗಿಲ ಪಕ್ಕ ಒಂದು ತಗಡಿನ ಪಟ್ಟಿಯಿತ್ತು. ಕ್ರೇನಿನ ತೋಳಿನಲ್ಲಿ ಲೋಡು ಕಂಬಕ್ಕೆ ಹತ್ತಿರವಿದ್ದರೆ ನಾಲ್ಕು ಟನ್ ಎತ್ತಬಹುದು, ತುದಿಗೆ ಹೋದರೆ ಒಂದೂ ಚಿಲ್ಲರೆ ಟನ್ ಅಷ್ಟೇ. ಭಾರ ಮುಂದಕ್ಕೆ ಹೋದಷ್ಟೂ ಕಂಬಕ್ಕೆ ಕಷ್ಟ. ಡಾಕ್ಟರಮ್ಮನ ಕೋಣೆಯಿಂದ ಬಂದ ದಿನ ಮೇಲಣ್ಣ ಆ ಪಟ್ಟಿಯನ್ನು ಓದಿ, ತನ್ನ ಹೊಟ್ಟೆ ನೋಡಿಕೊಂಡು, ಬೆನ್ನು ನೋವು ಯಾಕೆಂದು ಅರ್ಥ ಮಾಡಿಕೊಂಡ. ನಗು ಬಂತು, ಆಮೇಲೆ ಹೆದರಿಕೆಯಾಯಿತು. ಮೇಲೆ ಹತ್ತದ ಆಪರೇಟರನಿಗೆ ಇರುವುದು ಎರಡೇ ದಾರಿ: ಗೇಟಿನ ಹೊರಗೆ, ಇಲ್ಲವೇ ಕೆಳಗೆ ನಿಂತು ಲೋಡಿನ ಹಗ್ಗ ಹಿಡಿಯುವ ಕೆಲಸ. ನೆಲದ ಮೇಲೆ ಅವನೊಬ್ಬ ಏದುಸಿರು ಬಿಡುವ ದಪ್ಪ ಮನುಷ್ಯ. ಅರವತ್ತು ಮೀಟರ್ ಮೇಲೆ, ಎರಡು ಟನ್ ಕಬ್ಬಿಣವನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಇಳಿಸುವ ಕೈ ಅವನದು. ಆ ಕುರ್ಚಿ ಹೋದರೆ ತಾನು ಯಾರೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಇನ್ನು ಸೀಟಿ. ಕೆಳಗೆ ನಿಂತು ಮೇಲಣ್ಣನಿಗೆ ಕಣ್ಣಾಗುವ ಸಿಗ್ನಲ್‌ಮ್ಯಾನ್. ಕತ್ತಿನಲ್ಲಿ ಯಾವಾಗಲೂ ಒಂದು ಸೀಟಿ ತೂಗುತ್ತಿದ್ದರಿಂದ ಆ ಹೆಸರು. ಐವತ್ತರ ಆಸಾಮಿ, ಒಣಗಿದ ನುಗ್ಗೆಕಾಯಿಯಂಥ ಮೈ. ಇಬ್ಬರ ಊಟ ಒಬ್ಬನೇ ಮಾಡಿದರೂ ಒಂದು ಗ್ರಾಂ ಹತ್ತುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಇಬ್ಬರೂ ಒಟ್ಟಿಗಿದ್ದರು. ಗೋಡೆಯ ಹಿಂದೆ ಮೇಲಣ್ಣನಿಗೆ ಕಾಣದ ಕಡೆ ಲೋಡು ಇಳಿಸಬೇಕಾದಾಗ ವಾಕಿ-ಟಾಕಿಯಲ್ಲಿ ಸೀಟಿಯ ದನಿಯೊಂದೇ ದಾರಿ. ನಿಯಮದ ಪ್ರಕಾರ ಮೊದಲು ಹೆಸರು ಕೂಗಬೇಕು, ಆಮೇಲೆ ಎಷ್ಟು ಮೀಟರ್, ಆಮೇಲೆ ಎತ್ತು ಅಥವಾ ಇಳಿಸು. ಮೇಲಿನವನು ಅದನ್ನೇ ತಿರುಗಿ ಹೇಳಿ ಆಮೇಲೆ ಕೈಯಾಡಿಸಬೇಕು. ಆದರೆ ಹಳೇ ಗಂಡ ಹೆಂಡಿರ ಹಾಗೆ ಇವರಿಬ್ಬರ ಮಾತು ಸವೆದು ಸವೆದು ಗಿಡ್ಡವಾಗಿತ್ತು. ಮೊದಲು ತಿರುಗಿ ಹೇಳುವುದು ಬಿಟ್ಟುಹೋಯಿತು, ನಂತರ 'ಮೀಟರ್' ಉದುರಿತು. "ಮೇಲಣ್ಣ, ಎರಡು ಇಳಿಸು" ಎಂದರೆ ಎರಡು ಮೀಟರ್ ಇಳಿಸು. 'ಮೇಲಣ್ಣ' ಒಂದು ಉಳಿದುಕೊಂಡಿತ್ತು.

ಡಾಕ್ಟರಮ್ಮನ ಗಡುವು ಸೈಟಿಗೆಲ್ಲ ಗೊತ್ತಾಗಲು ಅರ್ಧ ದಿನ ಸಾಕಾಯಿತು. ಆವತ್ತಿನಿಂದ 'ಇಳಿಸು' ಎಂಬ ಮಾತಿಗೆ ಅಲ್ಲಿ ಎರಡು ಅರ್ಥ. ಗೇಟಿನ ಕಾವಲುಗಾರ ಬೆಳಿಗ್ಗೆ, "ಇಳೀತಾ ಮೇಲಣ್ಣ?" ಎನ್ನುತ್ತಿದ್ದ. ಸೀಟಿಯಂತೂ ಪ್ರತಿ ಸೋಮವಾರ ಲೆಕ್ಕ ಕೇಳಿ, ಕೆಲಸದ ನಡುವೆ ವಾಕಿಯಲ್ಲೇ, "ಇನ್ನೂ ಆರು ಇಳಿಸು, ಇನ್ನೂ ಐದು ಇಳಿಸು" ಎಂದು ಕಾಲೆಳೆಯುತ್ತಿದ್ದ. ಮೇಲಣ್ಣನೂ ನಗುತ್ತಿದ್ದ. ನಗಬಾರದಿತ್ತು.

ಮನೆಯಲ್ಲಿ ಹೆಂಡತಿ ಇದನ್ನು ತನ್ನ ಕೆಲಸದ ಹಾಗೇ ಹಿಡಿದಳು. ಅವಳು ಶಾಲಾ ಸಮವಸ್ತ್ರ ಹೊಲಿಯುವವಳು. ಕತ್ತಿನಿಂದ ಅಳತೆ ಟೇಪು ಇಳಿಯುತ್ತಿದ್ದದ್ದು ಸ್ನಾನಕ್ಕೆ ಹೋಗುವಾಗಷ್ಟೇ. ಭಾನುವಾರ ಬೆಳಿಗ್ಗೆ ಗಂಡನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಸೊಂಟಕ್ಕೆ ಟೇಪು ಸುತ್ತುತ್ತಿದ್ದಳು.

"ಉಸಿರು ಬಿಡ್ರೀ. ಹೊಟ್ಟೆ ಒಳಗೆ ಎಳ್ಕೊಂಡ್ರೆ ನನಗೆ ಮೋಸ ಆಗಲ್ಲ, ನಿಮಗೇ ಆಗೋದು."

ಡಬ್ಬಿಗೆ ಬೇಯಿಸಿದ ಮೊಟ್ಟೆ, ಕಾಳು, ಸೌತೆಕಾಯಿ ಹಾಕಿ ಕಳಿಸುತ್ತಿದ್ದಳು. ಮನೆಯಲ್ಲಿದ್ದ ಅವಳ ತಾಯಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ಅಳಿಯಂದ್ರು ಸೊರಗಿ ಕಡ್ಡಿಯಾಗ್ತಿದ್ದಾರೆ, ನೋಡೋರು ನನ್ನ ಮಗಳಿಗೆ ಏನಂತಾರೆ?" ಎಂದು ಆ ಮುದುಕಿ, ತೊಂಬತ್ತಾರು ಕೆಜಿಯ ಆ ಕಡ್ಡಿಯ ಕೈಗೆ ಮಗಳ ಕಣ್ಣು ತಪ್ಪಿಸಿ ಬೆಲ್ಲದ ಉಂಡೆ ತುರುಕುತ್ತಿದ್ದಳು.

ಮೊದಲ ತಿಂಗಳು ಮೂರೂವರೆ ಕೆಜಿ ಇಳಿಯಿತು. ಎರಡನೆಯ ತಿಂಗಳು ಒಂದೇ ಒಂದು. ಮುಳ್ಳು ತೊಂಬತ್ತಮೂರೂವರೆಗೆ ಬಂದು ಮೊಂಡು ಎತ್ತಿನ ಹಾಗೆ ಕೂತುಬಿಟ್ಟಿತು. ಡಾಕ್ಟರಮ್ಮ ಹೇಳಿದ ನಡಿಗೆಯನ್ನು ಅವನು ಮಾಡಿದ್ದು ಒಟ್ಟು ಒಂಬತ್ತು ದಿನ. ಮಧ್ಯಾಹ್ನ ಇಳಿದು ಹತ್ತುವುದನ್ನು ಒಂದು ದಿನವೂ ಮಾಡಲಿಲ್ಲ. ಮಂಡಿ ನೋವು ಎಂದ, ಹೊತ್ತಿಲ್ಲ ಎಂದ. ಕೊನೆಗೆ ಅವನಿಗೆ ಕಂಡದ್ದು ಅಡ್ಡದಾರಿ. ಬಾಯಿ ಮುಚ್ಚಿದರೆ ಆಯಿತಲ್ಲ, ಅದಕ್ಕೆ ನಡೆಯಬೇಕಾಗಿಲ್ಲ, ಹತ್ತಬೇಕಾಗಿಲ್ಲ!

ಕೊನೆಯ ಮೂರು ವಾರ ಅವನು ಹೆಂಡತಿಯ ಡಬ್ಬಿ ತೆರೆದು ಕ್ರೇನಿನ ಮೇಲೆ ಬಂದು ಕೂರುವ ಪಾರಿವಾಳಗಳಿಗೆ ಹಾಕಿದ. ಖಾಲಿ ಡಬ್ಬಿ ಮನೆಗೆ ತಂದು, "ಚೆನ್ನಾಗಿತ್ತು" ಎಂದ. ಬೆಳಿಗ್ಗೆ ಒಂದು ಲೋಟ ಬಿಸಿನೀರು, ಸಂಜೆ ಎರಡು ತುತ್ತು. ಮುಳ್ಳು ಅಲುಗಾಡಿತು: ತೊಂಬತ್ತೆರಡೂವರೆ, ತೊಂಬತ್ತೆರಡು. ಪಾರಿವಾಳಗಳು ದುಂಡಗಾದವು. ಏಣಿಯ ನಡುವೆ ಕಣ್ಣಿಗೆ ಕತ್ತಲಿಟ್ಟರೆ ಬೆಲ್ಟಿನ ಕೊಕ್ಕೆ ಹಾಕಿ, ಹಣೆಯನ್ನು ತಣ್ಣನೆಯ ಕಬ್ಬಿಣಕ್ಕೆ ಒತ್ತಿ ನಿಲ್ಲುತ್ತಿದ್ದ. ಹೆದರಿಕೆಯಾಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೆ ತಕ್ಕಡಿಯ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಆ ಮಂಗಳವಾರ ಅವನ ತೂಕ ತೊಂಬತ್ತೊಂದೂವರೆ. ಪರೀಕ್ಷೆ ಶನಿವಾರ. ಸೀಟಿಗೆ ಬೆಳಿಗ್ಗೆಯೇ ಹೇಳಿದ್ದ. "ಹಾಗಾದ್ರೆ ಇನ್ನೊಂದೂವರೆ," ಎಂದಿದ್ದ ಸೀಟಿ, ಭುಜ ತಟ್ಟಿ. "ಇಳಿಸ್ತೀಯ ಬಿಡು." ಮೇಲಣ್ಣ ನಕ್ಕು ಏಣಿ ಹಿಡಿದ. ಹಿಂದಿನ ದಿನ ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಹನ್ನೊಂದರ ಹೊತ್ತಿಗೆ ಒಂಬತ್ತನೆಯ ಮಹಡಿಗೆ ಕಂಬಿಯ ಕಟ್ಟು ಇಳಿಸುವುದಿತ್ತು. ಒಂದು ಟನ್ನಿನ ಕಟ್ಟು, ಲಿಫ್ಟಿಗೆಂದು ಕಟ್ಟಿದ ಗೋಡೆಯ ಹಿಂದೆ. ಮೇಲಣ್ಣನಿಗೆ ಕಾಣುವುದು ತಂತಿಹಗ್ಗ ಗೋಡೆಯ ಆಚೆ ಮಾಯವಾಗುವುದಷ್ಟೇ. "ಮೇಲಣ್ಣ, ಮೂರು ಇಳಿಸು," ಎಂದ ಸೀಟಿ. ಇಳಿಸಿದ. "ಮೇಲಣ್ಣ, ನಿಲ್ಲಿಸು." ನಿಲ್ಲಿಸಿದ. ಕಟ್ಟು ನೆಲದಿಂದ ಒಂದೂ ಕಾಲು ಮೀಟರ್ ಮೇಲೆ ತೂಗುತ್ತಿತ್ತು. ಕೆಳಗಿಡುವ ಮರದ ದಿಮ್ಮಿ ಓರೆಯಾಗಿತ್ತೆಂದು ಕಂಬಿ ಕಟ್ಟುವವನೊಬ್ಬ ಅದನ್ನು ಸರಿಪಡಿಸಲು ಬಗ್ಗಿಕೊಂಡು ಒಳಗೆ ಹೋಗಿದ್ದ. ತೂಗುವ ಲೋಡಿನ ಕೆಳಗೆ ಯಾರೂ ಹೋಗಬಾರದು, ಅದೂ ನಿಯಮವೇ. ಒಂದು ಗಳಿಗೆಯ ಕೆಲಸವಲ್ಲವೇ ಎಂದು ಎಲ್ಲರೂ ಹೋಗುತ್ತಾರೆ.

ಇದೆಲ್ಲ ಮೇಲಣ್ಣನಿಗೆ ತಿಳಿದದ್ದು ಆಮೇಲೆ. ಆಗ ಅವನಿಗೆ ತಿಳಿದಿದ್ದು ಕಿವಿಯೊಳಗಿನ ಗುಂಯ್ ಸದ್ದು, ಬಾಯಿಯ ಒಣ ರುಚಿ, ಗಾಜಿನಾಚೆ ಮೆಲ್ಲಗೆ ಓಲಾಡುವ ಆಕಾಶ. ಕೈ ಕ್ರೇನಿನ ಹಿಡಿಯ ಮೇಲಿತ್ತು. ಆಗ ವಾಕಿ ಗರಗರ ಎಂದಿತು.

"...ಇನ್ನೊಂದೂವರೆ ಇಳಿಸು..."

ಅವನ ಕೈ ಇಳಿಸಿತು.

ಒಂದು ಮೀಟರ್ ಹೋಗಿತ್ತೋ ಏನೋ, ಗೋಡೆಯ ಹಿಂದಿನಿಂದ ಸೀಟಿಯ ಸದ್ದು ಬಂತು. ಒಂದೇ ಉದ್ದನೆಯ ಸದ್ದೆಂದರೆ ನಿಲ್ಲಿಸು ಎಂದರ್ಥ. ಆ ಸದ್ದು ಉದ್ದವಾಗುವ ಮೊದಲೇ ತುಂಡಾಯಿತು. ಮೇಲಣ್ಣ ಬ್ರೇಕು ಹಾಕಿದ.

"ಸೀಟಿ?"

ಗುಂಡಿ ಮತ್ತೊಮ್ಮೆ ಒತ್ತಿದ.

"ಸೀಟಿ, ಏನಾಯ್ತು? ಎತ್ತಲಾ?"

ವಾಕಿಯಲ್ಲಿ ಉಸಿರಿನ ಸದ್ದೂ ಇಲ್ಲ. ಕಂಬಿಯ ತುದಿ ಯಾವುದಕ್ಕಾದರೂ ಸಿಕ್ಕಿಕೊಂಡಿದ್ದರೆ, ಕುರುಡಾಗಿ ಎತ್ತಿದಾಗ ಅದು ಹೊರಳಿ ಇನ್ನಷ್ಟು ಜನರನ್ನು ಬಡಿಯುತ್ತದೆ. ಲೋಡು ಬಿಟ್ಟು ಇಳಿಯುವಂತೆಯೂ ಇಲ್ಲ. ಮಾಡಬೇಕಾದದ್ದು ಒಂದೇ, ಏನೂ ಮಾಡದೆ ಕೂರುವುದು. ಕೆಳಗೆ ಹಳದಿ ಹೆಲ್ಮೆಟ್ಟುಗಳು ಎಲ್ಲ ಕಡೆಯಿಂದ ಆ ಗೋಡೆಯತ್ತ ಓಡುತ್ತಿದ್ದವು. ಮೇಲಣ್ಣ ಗಾಜಿಗೆ ಹಣೆ ಒತ್ತಿ ಇಣುಕಿದ. ಯಾರ ಮೇಲೆ ಬಿತ್ತು? ಎಷ್ಟು ಜನರ ಮೇಲೆ? ಅಷ್ಟರಲ್ಲಿ ಅವನಿಗೆ ಹೊಳೆಯಿತು: ಆ ಮಾತಿನಲ್ಲಿ 'ಮೇಲಣ್ಣ' ಇರಲಿಲ್ಲ. ಆ ದನಿಯಲ್ಲಿ ನಗುವಿತ್ತು. ಅದು ತನಗೆ ಹೇಳಿದ ಮಾತಲ್ಲ, ತನ್ನ ಬಗ್ಗೆ ಹೇಳಿದ ಮಾತು. ಅದು ಮೀಟರ್ ಅಲ್ಲ, ಕೆಜಿ.

ನಾಲ್ಕು ನಿಮಿಷ ಕಳೆಯಿತು. ಆಮೇಲೆ ಬಂದದ್ದು ಸೈಟಿನ ಇಂಜಿನಿಯರ್ ದನಿ.

"ಮೇಲಣ್ಣ, ಕೇಳಿಸ್ತಿದೆಯಾ? ನಿಧಾನಕ್ಕೆ ಅರ್ಧ ಮೀಟರ್ ಎತ್ತಿ."

"ಅರ್ಧ ಮೀಟರ್ ಎತ್ತುತ್ತಿದ್ದೀನಿ. ಯಾರು ಸಾರ್? ಯಾರಿಗಾಯ್ತು?"

"ಮೊದಲು ಎತ್ತಿ."

ಎತ್ತಿದ. ಅವನ ಬದುಕಿನಲ್ಲಿ ಅಷ್ಟು ಮೆಲ್ಲಗೆ ಯಾವುದನ್ನೂ ಎತ್ತಿರಲಿಲ್ಲ.

"ಸೀಟಿಗೆ. ಕಾಲು," ಎಂದರು ಇಂಜಿನಿಯರ್. "ಜೀವಕ್ಕೇನಿಲ್ಲ."

ನಡೆದದ್ದಿಷ್ಟು. ಆ ಹೊತ್ತಿಗೆ ಸರಿಯಾಗಿ ಇಂಜಿನಿಯರ್ ಅಲ್ಲಿಗೆ ಬಂದು, "ಏನು, ನಿಮ್ಮ ಮೇಲಣ್ಣ ಶನಿವಾರಕ್ಕೆ ರೆಡಿನಾ?" ಎಂದು ಸೀಟಿಯನ್ನು ಕೇಳಿದ್ದರು. ವಾಕಿಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಸೀಟಿ, "ಇನ್ನೊಂದೂವರೆ ಇಳಿಸು ಅಂತ ಹೇಳಿದ್ದೀನಿ ಸಾರ್" ಎಂದಿದ್ದ. ಬೆರಳು ಒತ್ತಿದ ಗಳಿಗೆಯ ಮೊದಲ ಎರಡು ಮಾತು ಮೇಲೆ ಹೋಯಿತು, ಉಳಿದದ್ದು ಹೋಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಟ್ಟು ಇಳಿಯುವುದನ್ನು ಕಂಡ ಸೀಟಿ ವಾಕಿ ಎಸೆದು, ಊದುತ್ತಲೇ ಒಳನುಗ್ಗಿ, ಬಗ್ಗಿದ್ದವನನ್ನು ಕಾಲಿನಿಂದ ಆಚೆಗೆ ನೂಕಿದ. ಅವನ ಎಡಗಾಲು ಹಿಂದೆಯೇ ಉಳಿಯಿತು. ಬೂಟಿನ ಕಬ್ಬಿಣ ಬೆರಳುಗಳನ್ನು ಉಳಿಸಿತು. ಪಾದದ ಎಲುಬು ಎರಡು ಕಡೆ ಮುರಿಯಿತು.

ಮರುದಿನ ಇಂಜಿನಿಯರ್ ಕಚೇರಿಗೆ ಕರೆದು ಒಂದು ಹಾಳೆ ಮುಂದಿಟ್ಟರು. ಆಸ್ಪತ್ರೆಯಲ್ಲಿ ಸೀಟಿ ಕೊಟ್ಟ ಹೇಳಿಕೆ: ಎತ್ತರದ ಅಂದಾಜು ತಪ್ಪಿ ನಾನೇ ಇಳಿಸು ಎಂದೆ, ಆಪರೇಟರ್ ನನ್ನ ಮಾತಿನಂತೆ ನಡೆದುಕೊಂಡ. ತಮಾಷೆಯಿಲ್ಲ, ಕೆಜಿಯಿಲ್ಲ, ಮಾತಿಗೆಳೆದ ಇಂಜಿನಿಯರ್ ಕೂಡ ಇಲ್ಲ.

"ನೀವೂ ಒಂದು ಸಹಿ ಹಾಕಿಬಿಡಿ," ಎಂದರು ಇಂಜಿನಿಯರ್, ಕಿಟಕಿ ನೋಡುತ್ತಾ. "ಶನಿವಾರ ನಿಮ್ಮ ಪರೀಕ್ಷೆ ಬೇರೆ ಇದೆ."

ಮೇಲಣ್ಣ ಸಹಿ ಹಾಕಿದ. ಅಕ್ಷರ ಎಂದಿನ ಹಾಗೇ ದುಂಡಗೆ ಬಂತು. ಅದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಸಂಜೆ ಆಸ್ಪತ್ರೆಗೆ ಹೋದ. ಸೀಟಿ ದಿಂಬಿಗೆ ಒರಗಿ ಬ್ರೆಡ್ಡು ತಿನ್ನುತ್ತಿದ್ದ. ಕಾಲು ಬಿಳಿ ಪಟ್ಟಿಯಲ್ಲಿ ಮೇಲಕ್ಕೆ ತೂಗುಬಿದ್ದಿತ್ತು.

"ಹೀಗೆ ಯಾಕೆ ಬರೆಸಿದೆ? ನಿನ್ನ ಸಿಗ್ನಲ್ ಕಾರ್ಡು ರದ್ದು ಮಾಡ್ತಾರೆ."

"ಮಾಡ್ಲಿ. ಬಾಯಿ ನಂದು, ತಪ್ಪು ನಂದು. ನಿನ್ನ ಕುರ್ಚಿನಾದ್ರೂ ಉಳೀಲಿ."

"ನಾನು ತಿರುಗಿ ಕೇಳ್ಬೇಕಿತ್ತು ಕಣೋ. ನೀನು ಹೆಸರು ಕೂಗಿರಲಿಲ್ಲ."

ಸೀಟಿ ಅಗಿಯುವುದನ್ನು ನಿಲ್ಲಿಸಿದ. "ಹನ್ನೊಂದು ವರ್ಷದಲ್ಲಿ ನೀನು ಒಂದ್ಸಲಾನೂ ಹೆಸರಿಲ್ಲದ ಮಾತಿಗೆ ಕೈ ಹಾಕಿದ್ದಿಲ್ಲ. ಆವತ್ತು ಏನಾಗಿತ್ತು ನಿನಗೆ?"

ಮೇಲಣ್ಣ ಹಾಸಿಗೆಯ ಕಬ್ಬಿಣ ಹಿಡಿದು ನಿಂತ. ಸೀಟಿ ಅವನ ಕುಸಿದ ಕೆನ್ನೆಯನ್ನು ನೋಡಿದ, ಸಡಿಲವಾದ ಕಾಲರನ್ನು ನೋಡಿದ, ಕೊನೆಗೆ ತಟ್ಟೆಯಲ್ಲಿದ್ದ ಬ್ರೆಡ್ಡಿನ ಇನ್ನೊಂದು ತುಂಡನ್ನು ಎತ್ತಿ ಅವನ ಕೈಗಿಟ್ಟ.

"ತಿನ್ನು ಮೊದಲು. ಆಮೇಲೆ ಬಾಯಿ ಮುಚ್ಕೊಂಡು ಮನೆಗೆ ಹೋಗು."

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಈ ಇಬ್ಬರಲ್ಲಿ ಒಬ್ಬನಿಗೆ ಊಟ ಗೊತ್ತಿರಲಿಲ್ಲ, ಇನ್ನೊಬ್ಬನಿಗೆ ಮಾತು. ಶಿಕ್ಷೆ ಮಾತ್ರ ಮಾತಿನವನೊಬ್ಬನ ಪಾಲಿಗೆ ಬಂದಿತ್ತು.

ಹೆಂಡತಿಗೆ ಶುಕ್ರವಾರ ಹೇಳಿದ. ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ತೊಡೆಯ ಮೇಲೆ ಅವನದೇ ಪ್ಯಾಂಟು. ಶನಿವಾರಕ್ಕೆಂದು ಸೊಂಟ ಬಿಗಿ ಮಾಡುತ್ತಿದ್ದಳು. ಪಾರಿವಾಳದ ಮಾತು ಬಂದಾಗ ಯಂತ್ರ ನಿಂತಿತು.

"ನಾನು ಐದು ಗಂಟೆಗೆ ಎದ್ದು ಕಟ್ಟಿದ ಡಬ್ಬಿನ?"

"ಹ್ಞೂಂ."

"ಮೂರು ವಾರ, ದಿನಾ ಬಂದು ಚೆನ್ನಾಗಿತ್ತು ಅಂದ್ರಲ್ಲ!"

ಅವನು ನೆಲ ನೋಡಿದ. ಅವಳ ಕಣ್ಣಲ್ಲಿ ನೀರು ತುಂಬಿತು, ಕೋಪದ್ದು. ಅದರ ಹಿಂದೆಯೇ ಭಯದ್ದು. ಅರವತ್ತು ಮೀಟರ್ ಮೇಲೆ ತಲೆ ಸುತ್ತಿ ಬಿದ್ದಿದ್ದರೆ ಎಂಬ ಮಾತು ಅವಳ ಬಾಯಿಗೆ ಬಂದು ಅಲ್ಲೇ ನಿಂತಿತು. ಬಾಗಿಲಲ್ಲಿ ಅವಳ ತಾಯಿ, ಕೈಯಲ್ಲಿ ಬೆಲ್ಲದ ಉಂಡೆ ಹಿಡಿದು ನಿಂತಿದ್ದಳು.

"ಡಾಕ್ಟರಮ್ಮನ ಹತ್ರ ಇದನ್ನ ಹೇಳ್ತೀರಾ?" ಎಂದಳು ಹೆಂಡತಿ, ಕಣ್ಣೊರೆಸಿಕೊಂಡು.

"ಹೇಳಿದ್ರೆ ಕುರ್ಚಿ ಹೋಗುತ್ತೆ."

"ನಾನು ಹೇಳಿ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ," ಎಂದು ಅವಳು ಮತ್ತೆ ಪ್ಯಾಂಟಿಗೆ ಸೂಜಿ ಹಾಕಿದಳು. "ಆದರೆ ಆ ಕುರ್ಚಿ ಮೇಲೆ ಕೂತಾಗಲೆಲ್ಲ ಕೆಳಗೆ ಯಾರಿರ್ತಾರೆ ಅಂತ ನಿಮಗೇ ಗೊತ್ತು."

ಶನಿವಾರ ಹತ್ತು ಗಂಟೆ. ಅವನು ಬೂಟು ಬಿಚ್ಚಿ ಯಂತ್ರದ ಮೇಲೆ ನಿಂತ. ಸೀಟಿ ಕೊಟ್ಟ ಬ್ರೆಡ್ಡು ಬಿಟ್ಟರೆ ನಾಲ್ಕು ದಿನ ಗಂಟಲಲ್ಲಿ ಅಗುಳೂ ಇಳಿದಿರಲಿಲ್ಲ. ಈ ಸಲ ಬೇಕೆಂದು ಬಿಟ್ಟದ್ದಲ್ಲ. ಮುಳ್ಳು ಓಡಾಡಿ, ತೂಗಿ, ಎಂಬತ್ತೊಂಬತ್ತೂ ಮುಕ್ಕಾಲಿನ ಹತ್ತಿರ ನಿಂತಿತು.

"ಭೇಷ್," ಎಂದರು ಡಾಕ್ಟರಮ್ಮ, ಆವತ್ತು ನಿಜವಾಗಿ ನಗುತ್ತಾ. ಬಿಪಿ ನೋಡಿದರು, ಪರವಾಗಿಲ್ಲ ಎಂದರು. ಕಾಗದ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಮೇಲಣ್ಣ ಯಂತ್ರದಿಂದ ಇಳಿಯಲಿಲ್ಲ. ಮೂರು ತಿಂಗಳು ಹಗಲೂ ಇರುಳೂ ಬಯಸಿದ ಸಂಖ್ಯೆ ಕಾಲ ಕೆಳಗಿತ್ತು. ಸುಮ್ಮನಿದ್ದರೆ ಸೋಮವಾರ ಏಣಿ ಹತ್ತಬಹುದು. ಸೀಟಿಯ ಜಾಗದಲ್ಲಿ ಬೇರೆ ಯಾರೋ ನಿಂತು, 'ಮೇಲಣ್ಣ' ಎಂದು ಕೂಗುತ್ತಾರೆ. ಡಾಕ್ಟರಮ್ಮನ ಪೆನ್ನು ಕಾಗದ ಮುಟ್ಟಿತು.

"ಮೇಡಂ, ಹೇಗೆ ಇಳಿಸಿದೆ ಅಂತ ನೀವು ಕೇಳಲಿಲ್ಲ."

"ಹೇಗೆ ಇಳಿಸಿದ್ರಿ?"

ಹೇಳಿದ. ಡಬ್ಬಿ, ಪಾರಿವಾಳ, ಏಣಿಯ ನಡುವಿನ ಕತ್ತಲೆ, ಹೆಸರಿಲ್ಲದ ಮಾತು, ತಲೆಗಿಂತ ಮೊದಲು ಓಡಿದ ಕೈ. ಸಹಿ ಹಾಕಿದ ಹಾಳೆಯ ವಿಷಯವನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ನಲವತ್ತೇಳು ವರ್ಷದ ಗಂಡಸು ತಕ್ಕಡಿಯ ಮೇಲೆ ನಿಂತು ಅತ್ತ. ಡಾಕ್ಟರಮ್ಮ ಆ ಕಾಗದ ಬದಿಗಿಟ್ಟು ಇನ್ನೊಂದು ತೆಗೆದರು. ಆಮೇಲೆ ಬರೆದರು: ಮೂರು ತಿಂಗಳು ಎತ್ತರದ ಕೆಲಸ ಕೂಡದು.

"ಇಳೀರಿ," ಎಂದರು, ಮೆಲ್ಲಗೆ. "ಕೆಳಗಿಳಿದು ಹೋಗಿ ಏನಾದ್ರೂ ತಿನ್ನಿ."

ಸುದ್ದಿ ತಲುಪಿದ ಮೇಲೆ ಇಂಜಿನಿಯರ್ ಎರಡು ದಿನ ಅವನ ಮುಖ ನೋಡಲಿಲ್ಲ. ಮೂರನೆಯ ದಿನ ತಾವೇ ಹೊಸ ಹಾಳೆ ಬರೆದರು. ಅದರಲ್ಲಿ ಮೂವರ ತಪ್ಪಿತ್ತು, ಮೊದಲನೆಯ ಹೆಸರು ಅವರದೇ. ಸೀಟಿಯ ಕಾರ್ಡು ರದ್ದಾಗಲಿಲ್ಲ, ಕಾಲು ಕೂಡುವ ತನಕ ಅಮಾನತ್ತಿನಲ್ಲಿ ಉಳಿಯಿತು. ಬೇರೆ ಸೈಟಿನಿಂದ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಆಪರೇಟರ್ ಆಗಿ ಬಂದಳು. ಮೇಲಣ್ಣ ಕೆಳಗೆ ಹಗ್ಗ ಹಿಡಿದ.

ಹದಿನೇಳು ವರ್ಷ ಅವನು ಮೇಲಿನಿಂದ ಹಳದಿ ಹೆಲ್ಮೆಟ್ಟುಗಳನ್ನು ನೋಡಿದ್ದ. ಮೊದಲ ದಿನ ತಲೆಯೆತ್ತಿ, ಒಂದು ಟನ್ ಕಬ್ಬಿಣ ಆಕಾಶದಿಂದ ತನ್ನತ್ತ ಬರುವುದನ್ನು ಕಂಡಾಗ ಗೋಡೆಗೆ ಅಂಟಿ ನಿಂತ. ಹೆಲ್ಮೆಟ್ಟಿನ ಕೆಳಗೆ ಕುತ್ತಿಗೆಯಿದೆ, ಕುತ್ತಿಗೆಯ ಕೆಳಗೆ ಮನೆಯಲ್ಲಿ ಯಾರೋ ಕಟ್ಟಿಕೊಟ್ಟ ಡಬ್ಬಿ ತಿಂದ ಹೊಟ್ಟೆಯಿದೆ ಎಂಬುದು ಅವನ ತಲೆಗೆ ಆವತ್ತೇ ಹೊಕ್ಕಿತು.

ಕೆಳಗಿನ ಕೆಲಸವೆಂದರೆ ನಡೆಯುವುದು. ಕಟ್ಟಡಕ್ಕೆ ಲಿಫ್ಟು ಬಂದಿರಲಿಲ್ಲ. ಹಗ್ಗ, ಕೊಕ್ಕೆ ಹೊತ್ತು ದಿನಕ್ಕೆ ಏಳೆಂಟು ಸಲ ಒಂಬತ್ತು ಮಹಡಿ. ಮಧ್ಯಾಹ್ನ ನೆರಳಲ್ಲಿ ಕೂತು ಡಬ್ಬಿ ತೆರೆದು ಪೂರ್ತಿ ತಿನ್ನುತ್ತಿದ್ದ. ಮುಳ್ಳು ಮೊದಲು ಮೇಲಕ್ಕೇ ಹೋಗಿ ತೊಂಬತ್ತೆರಡೂವರೆ ಮುಟ್ಟಿತು. ಅವನ ಜೀವ ಬಾಯಿಗೆ ಬಂತು. "ಹಸಿದ ಮೈ, ಸಿಕ್ಕಿದ್ದನ್ನೆಲ್ಲ ಬಚ್ಚಿಟ್ಕೊಳ್ತಿದೆ. ನಂಬಿಕೆ ಬರೋ ತನಕ ತಡ್ಕೊಳ್ರೀ," ಎಂದಳು ಹೆಂಡತಿ. ಸಂಜೆ ಅವಳೂ ಚಪ್ಪಲಿ ಮೆಟ್ಟಿ ಅವನ ಜೊತೆ ಆಸ್ಪತ್ರೆಯವರೆಗೆ, ಆಮೇಲೆ ಸೀಟಿಯ ಮನೆಯವರೆಗೆ, ದಿನಾ ನಲವತ್ತು ನಿಮಿಷ ನಡೆದಳು. ಎರಡನೆಯ ತಿಂಗಳಲ್ಲಿ ಮುಳ್ಳು ಇಳಿಯತೊಡಗಿತು. ಮೂರನೆಯ ತಿಂಗಳು ಮುಗಿದಾಗ ಡಾಕ್ಟರಮ್ಮ, ಹೇಗೆ ಎಂದು ಮೊದಲು ಕೇಳಿ, ಆಮೇಲೆ ಸಹಿ ಹಾಕಿದರು. ಎಂಬತ್ತೆಂಟು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಏಣಿಯ ಬುಡದಲ್ಲಿ ಸೀಟಿ ಕಾಯುತ್ತಿದ್ದ. ಎಡಗಾಲು ಇನ್ನೂ ಸ್ವಲ್ಪ ಕುಂಟುತ್ತಿತ್ತು. ಇನ್ನು ಮುಂದೆಯೂ ಕುಂಟುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹೊಸ ವಾಕಿ ಸೊಂಟದಲ್ಲಿತ್ತು, ಇನ್ನೂ ಆಫ್ ಆಗಿತ್ತು.

"ಎಷ್ಟು ಇಳಿಸಿದೆ?" ಎಂದ ಸೀಟಿ.

"ಹತ್ತು."

"ಹತ್ತು ಅಂದ್ರೆ? ಲೆಕ್ಕ ಹೇಳ್ತಿದ್ದೀಯೋ, ನನ್ನನ್ನ ಏಣಿ ಹತ್ತು ಅಂತಿದ್ದೀಯೋ?" ಸೀಟಿ ನಗಲಿಲ್ಲ.

ಮೇಲಣ್ಣನೂ ನಗಲಿಲ್ಲ. "ಹತ್ತು ಕೆಜಿ."

"ಹಾಗೆ ಪೂರ್ತಿ ಹೇಳು."

ಮೇಲಣ್ಣ ಬೆಲ್ಟು ಬಿಗಿದು, ಬುತ್ತಿಯ ಚೀಲ ಹೆಗಲಿಗೆ ಹಾಕಿ, ಕೊಕ್ಕೆ ಸಿಕ್ಕಿಸಿದ. ಸೀಟಿ ಎರಡು ಹೆಜ್ಜೆ ಹಿಂದೆ ಸರಿದು, ಮೂರು ತಿಂಗಳಲ್ಲಿ ಮೊದಲ ಸಲ ಅವನ ಹೆಸರು ಹಿಡಿದು ಕೂಗಿದ.

"ಮೇಲಣ್ಣ. ಏಣಿ. ಇನ್ನೂರ ಹತ್ತು ಮೆಟ್ಟಿಲು. ಹತ್ತು."

"ಏಣಿ. ಇನ್ನೂರ ಹತ್ತು ಮೆಟ್ಟಿಲು. ಹತ್ತುತ್ತಿದ್ದೀನಿ," ಎಂದು ತಿರುಗಿ ಹೇಳಿ, ಅವನು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ.